ಮೀನು ಬದುಕಿದೆ ಅಂದ್ರೆ ನೀರು ಚೊಲೊ ಐತಿ ಅಂತಲ್ಲ

ಕಾಲುವೆಯಾಗ ಪಂಪು ತೊಳಿಬೇಡ್ರಿ, ಖಾಲಿ ಡಬ್ಬಿ ಹಳ್ಳಕ್ಕೆ ಒಗೀಬೇಡ್ರಿ ಅಂತ ಯಾರಿಗಾದರೂ ಹೇಳಿ ನೋಡಿ. ಸಿರುಗುಪ್ಪದ ಕಡೆ ಆಗಲಿ ಕುರುಗೋಡಿನ ಕಡೆ ಆಗಲಿ, ಬರುವ ಉತ್ತರ ಒಂದೇ: "ಅಣ್ಣಾ, ಅಲ್ಲಿ ನೋಡು, ಮೀನು ಆಡ್ಕೊಂತ ಅದಾವು. ನೀರು ಕೆಟ್ಟಿದ್ರೆ ಅವು ಇರ್ತಿದ್ವಾ?"

ಮಾತು ಕೇಳೋಕೆ ಸರಿ ಅನ್ನಿಸುತ್ತೆ. ನಮ್ಮ ಹಿರಿಯರು ನೀರು ನೋಡುತ್ತಿದ್ದದ್ದೂ ಹಾಗೇ. ಬಾವಿಯಲ್ಲಿ ಮೀನಿದ್ದರೆ ಕುಡಿಯಬಹುದು ಅಂತ ಲೆಕ್ಕ. ಆದರೆ ಆ ಲೆಕ್ಕ ಔಷಧಿ ಬರುವುದಕ್ಕಿಂತ ಮುಂಚಿನದು. ಈಗ ಅದನ್ನು ನಂಬಿದರೆ ನಾವು ಮೋಸ ಹೋಗ್ತೀವಿ. ಯಾಕೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಮೊದಲು ನಮಗೆ ಗೊತ್ತಿರುವ ಹುಳದಿಂದಲೇ ಶುರು ಮಾಡೋಣ. ಬಿಟಿ ಹತ್ತಿಗೆ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಕಾಯಿಕೊರಕದ ಕಾಟ ಮುಗೀತು ಅಂದ್ಕೊಂಡ್ವಿ. 2010ಕ್ಕೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲನೇ ಬಿಟಿಯನ್ನು ಜೀರ್ಣಿಸಿಕೊಂಡಿತು ಅಂತ ಬೀಜದ ಕಂಪನಿಯೇ ಒಪ್ಪಿಕೊಂಡಿತು. ಇನ್ನು ನಾಲ್ಕೈದು ವರ್ಷಕ್ಕೆ ಎರಡನೇ ಬಿಟಿಯೂ ಅದಕ್ಕೆ ಲೆಕ್ಕಕ್ಕಿಲ್ಲದಂತಾಯಿತು. ಭತ್ತದ ಕಂದು ಜಿಗಿಹುಳುವಿಗೆ ಇಮಿಡಾಕ್ಲೋಪ್ರಿಡ್ ಬಂದಾಗ ಒಂದು ಹೊಡೆತಕ್ಕೆ ಗದ್ದೆ ಸ್ವಚ್ಛ ಆಗುತ್ತಿತ್ತು. ಈಗ ಎಷ್ಟು ಕಡೆ ಕೆಲಸ ಮಾಡುತ್ತೆ ಅನ್ನೋದು ಸೋನಾ ಮಸೂರಿ ಹಾಕುವವರಿಗೆ ನಾನು ಹೇಳಬೇಕಾಗಿಲ್ಲ.

"ಹುಳಕ್ಕೆ ಬುದ್ಧಿ ಬಂತು" ಅಂತೀವಿ. ಬುದ್ಧಿ ಬಂದಿದ್ದಲ್ಲ. ಗದ್ದೆಯಲ್ಲಿ ಲಕ್ಷ ಹುಳ ಇದ್ದರೆ ಅದರಲ್ಲಿ ಹತ್ತಿಪ್ಪತ್ತಕ್ಕೆ ಹುಟ್ಟಿನಿಂದಲೇ ಆ ವಿಷ ತಡೆಯುವ ಶಕ್ತಿ ಇರುತ್ತೆ. ಕೆಲವಕ್ಕೆ ಮೈಯೊಳಗೆ ವಿಷ ಒಡೆದು ಹಾಕುವ ಕಿಣ್ವ ಜಾಸ್ತಿ. ಕೆಲವಕ್ಕೆ ವಿಷ ಹೋಗಿ ಕೂರಬೇಕಾದ ಜಾಗದ ಆಕಾರವೇ ಸ್ವಲ್ಪ ಬೇರೆ, ಕೀಲಿ ಬದಲಾದ ಬೀಗದ ಹಂಗೆ. ನಾವು ಹೊಡೆದಾಗ ಉಳಿದವು ಸತ್ತು ಈ ಹತ್ತಿಪ್ಪತ್ತು ಮಾತ್ರ ಮರಿ ಮಾಡುತ್ತವೆ. ಐದಾರು ಪೀಳಿಗೆ ಕಳೆಯುವಷ್ಟರಲ್ಲಿ ಗದ್ದೆ ತುಂಬ ಅವುಗಳದ್ದೇ ಸಂತಾನ. ಅಂದರೆ ಆಯ್ಕೆ ಮಾಡಿದ್ದು ನಾವೇ, ಪಂಪು ಬೆನ್ನಿಗೆ ಹಾಕ್ಕೊಂಡು.

ಇದೇ ಕೆಲಸ ಮೀನಿನಲ್ಲೂ ನಡೆಯುತ್ತೆ. ಊಹೆಯಲ್ಲ ಇದು. ಅಮೆರಿಕದ ಮಿಸಿಸಿಪ್ಪಿ ಹೊಳೆಯ ಬಯಲು ನಮ್ಮ ಎರೆ ಸೀಮೆಯ ಹಾಗೇ ಹತ್ತಿ ಸೀಮೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಡಿಡಿಟಿ, ಎಂಡ್ರಿನ್, ಟಾಕ್ಸಾಫೀನ್ ಎಲ್ಲಾ ವಿಮಾನದಿಂದಲೇ ಸುರಿದರು. ಮಳೆ ಬಂದಾಗ ಹೊಲದ ನೀರು ಪಕ್ಕದ ಕಾಲುವೆಗೆ ಇಳಿಯುತ್ತಿತ್ತು. 1963ರಲ್ಲಿ ಮಿಸಿಸಿಪ್ಪಿಯ ವಿಶ್ವವಿದ್ಯಾಲಯದವರು ಆ ಕಾಲುವೆಗಳ ಸಣ್ಣ ಮೀನು ಹಿಡಿದು, ಔಷಧಿ ಕಾಣದ ಕೆರೆಯ ಅದೇ ಜಾತಿಯ ಮೀನಿನ ಜೊತೆ ಇಟ್ಟು ನೋಡಿದರು. ಕೆರೆಯ ಮೀನು ಸಾಯುವ ಡಿಡಿಟಿಯಲ್ಲಿ ಹತ್ತಿ ಹೊಲದ ಪಕ್ಕದ ಮೀನು ಆರಾಮಾಗಿ ಈಜುತ್ತಿತ್ತು. ಮುಂದಿನ ವರ್ಷಗಳಲ್ಲಿ ಇನ್ನೂ ಮೂರ್ನಾಲ್ಕು ಜಾತಿಯಲ್ಲಿ ಇದೇ ಕಂಡಿತು. ಎಂಡ್ರಿನ್ ವಿಷಯದಲ್ಲಿ ವ್ಯತ್ಯಾಸ ನೂರಾರು ಪಟ್ಟು.

ಆ ಮೀನು ಯಾವುದು ಗೊತ್ತೇನ್ರಿ? ಗಾಂಬೂಸಿಯಾ. ನಮ್ಮ ಆರೋಗ್ಯ ಇಲಾಖೆಯವರು ಮಲೇರಿಯಾ, ಡೆಂಗಿ ಸೊಳ್ಳೆಯ ಮರಿ ತಿನ್ನಲಿ ಅಂತ ಬಾವಿ, ಕೆರೆ, ತೊಟ್ಟಿಗಳಿಗೆ ತಂದು ಬಿಡುತ್ತಾರಲ್ಲ, ಅದೇ ಬೆರಳುದ್ದದ ಮೀನು. ಕಳೆದ ಶತಮಾನದ ಮೊದಲ ಭಾಗದಲ್ಲೇ ಹೊರಗಿನಿಂದ ನಮ್ಮ ದೇಶಕ್ಕೆ ಬಂದದ್ದು. ಮೊಟ್ಟೆ ಇಡಲ್ಲ, ನೇರ ಮರಿ ಹಾಕುತ್ತೆ. ಒಂದೇ ಬೇಸಿಗೆಯಲ್ಲಿ ಹಲವು ಸೂಲು. ಮರಿ ಒಂದೆರಡು ತಿಂಗಳಲ್ಲೇ ಮತ್ತೆ ಮರಿ ಹಾಕೋಕೆ ತಯಾರು. ಹುಳದ ಹಾಗೇ ಬೇಗ ಬೇಗ ಪೀಳಿಗೆ ತಿರುಗುವ ಮೀನು, ಅದಕ್ಕೇ ಹುಳದ ಹಾಗೇ ಬೇಗ ವಿಷಕ್ಕೆ ಹೊಂದಿಕೊಂಡಿತು.

ಎಂಡ್ರಿನ್ ಅಂದಾಗ ಒಂದು ಮಾತು. ಆ ಔಷಧಿ ನಿಷೇಧ ಆಗಿ ಎಷ್ಟೋ ವರ್ಷ ಆದವು. ಅಂಗಡಿಯಲ್ಲಿ ಡಬ್ಬಿ ನೋಡಿದವರೂ ಈಗ ಕಡಿಮೆ. ಆದರೂ ಹಳ್ಳಿಯಲ್ಲಿ ಯಾರಾದರೂ ವಿಷ ಕುಡಿದರೆ "ಎಂಡ್ರಿನ್ ಕುಡಿದ" ಅಂತಲೇ ಮಾತು. ಅಂಥಾ ವಿಷ ಅದು. ಅದರಲ್ಲಿ ಬದುಕಿದ ಮೀನಿನ ಕಥೆ ಇನ್ನೂ ಮುಗಿದಿಲ್ಲ.

1968ರಲ್ಲಿ ಅದೇ ಮಿಸಿಸಿಪ್ಪಿಯವರು ಮತ್ತೊಂದು ಪ್ರಯೋಗ ಮಾಡಿದರು. ಹೊಂದಿಕೊಂಡ ಗಾಂಬೂಸಿಯಾವನ್ನು ಎಂಡ್ರಿನ್ ಬೆರೆಸಿದ ನೀರಲ್ಲಿ ಇಟ್ಟು, ಆಮೇಲೆ ಬೇರೆ ಬೇರೆ ಪ್ರಾಣಿಗಳಿಗೆ ತಿನ್ನಿಸಿದರು. ಬೆನ್ನೆಲುಬಿರುವ 11 ಜಾತಿಯ ಜೀವಿಗಳು. ತಿಂದವುಗಳಲ್ಲಿ ಹೆಚ್ಚಿನವು ಸತ್ತವು. ಮೀನು ಮಾತ್ರ ಬದುಕಿತ್ತು. ಯಾಕಂದರೆ ಆ ಮೀನು ವಿಷವನ್ನು ಹೊರಗೆ ಹಾಕಿ ಬದುಕಿದ್ದಲ್ಲ, ಮೈಯಲ್ಲಿ ಇಟ್ಟುಕೊಂಡೇ ಬದುಕಿದ್ದು. ಸಾಮಾನ್ಯ ಮೀನಾದರೆ ಅಷ್ಟು ವಿಷ ಸೇರುವ ಮೊದಲೇ ಸತ್ತು ತೇಲುತ್ತಿತ್ತು, ಯಾರೂ ತಿನ್ನುತ್ತಿರಲಿಲ್ಲ. ಗಟ್ಟಿಯಾದ ಮೀನು ಈಜುವ ವಿಷದ ಗುಳಿಗೆ ಆಯಿತು. ಕೊಕ್ಕರೆಗೆ, ಹಾವಿಗೆ, ದೊಡ್ಡ ಮೀನಿಗೆ ಆ ಗುಳಿಗೆ ತಾನಾಗೇ ಹೋಗಿ ಸೇರುತ್ತೆ. ಬಲೆಗೆ ಬಿದ್ದರೆ ನಮಗೂ.

ಈಗ "ಮೀನು ಆಡ್ಕೊಂತ ಅದಾವು" ಅನ್ನೋ ಮಾತನ್ನ ಇನ್ನೊಮ್ಮೆ ಕೇಳಿಸಿಕೊಳ್ರಿ.

ಕಾರ್ಖಾನೆಯ ವಿಷದಲ್ಲೂ ಹೀಗೇ. ನ್ಯೂಯಾರ್ಕಿನ ಹಡ್ಸನ್ ಹೊಳೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ 1947ರಿಂದ ಸುಮಾರು ಮೂವತ್ತು ವರ್ಷ ಪಿಸಿಬಿ ಅನ್ನುವ ಎಣ್ಣೆಯಂಥ ರಾಸಾಯನಿಕ ಬಿತ್ತು. ಅಲ್ಲಿಯ ಟಾಮ್‌ಕಾಡ್ ಅನ್ನುವ ಮೀನು ಅದರಲ್ಲೇ ಬದುಕಿತು. ಹೇಗೆ ಅನ್ನೋದು 2011ರಲ್ಲಿ ಗೊತ್ತಾಯಿತು. ವಿಷ ಬಂದಿದೆ ಅಂತ ಜೀವಕೋಶಕ್ಕೆ ಸುದ್ದಿ ಮುಟ್ಟಿಸುವ ಒಂದು ಪ್ರೋಟೀನ್ ಇರುತ್ತೆ. ಅದನ್ನು ಮಾಡುವ ಜೀನಿನಲ್ಲಿ ಆರೇ ಆರು ಅಕ್ಷರ ಕಾಣೆಯಾಗಿದ್ದವು. ಅಷ್ಟಕ್ಕೇ ವಿಷ ಆ ಪ್ರೋಟೀನಿಗೆ ಸರಿಯಾಗಿ ಅಂಟುವುದಿಲ್ಲ. ಬೇರೆ ಹೊಳೆಗಳ ಟಾಮ್‌ಕಾಡಿನಲ್ಲಿ ಅಪರೂಪವಾಗಿದ್ದ ಈ ರೂಪ ಹಡ್ಸನ್‌ನಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಕ್ಕಿತು. ಅಮೆರಿಕದ ಪೂರ್ವ ಕರಾವಳಿಯ ಕಿಲ್ಲಿಫಿಶ್ ಅನ್ನುವ ಸಣ್ಣ ಮೀನೂ ನಾಲ್ಕು ಬೇರೆ ಬೇರೆ ಕೊಳಕು ಜಾಗಗಳಲ್ಲಿ ಇದೇ ಸುದ್ದಿ ಮುಟ್ಟಿಸುವ ದಾರಿಯನ್ನು ಮಂದ ಮಾಡಿಕೊಂಡು ಉಳಿದಿದೆ ಅಂತ 2016ರಲ್ಲಿ ತೋರಿಸಿದರು. ಕೆಲವೆಡೆ ಸಹಿಸುವ ಶಕ್ತಿ ಸಾವಿರಾರು ಪಟ್ಟು.

ಮನೆಗೆ ಕಳ್ಳ ಬಂದಾಗ ಬೊಗಳದ ನಾಯಿ ಸಾಕಿದ ಹಂಗೆ ಇದು. ಮೈಗೆ ಗಲಾಟೆ ಇಲ್ಲ, ಆದರೆ ಕಳ್ಳ ಹೋಗಿಲ್ಲ. ಮತ್ತೆ ಇದಕ್ಕೆ ಬೆಲೆಯೂ ಇದೆ. ವರ್ಜೀನಿಯಾದ ಎಲಿಜಬೆತ್ ಹೊಳೆಯ ಇಂಥ ಕಿಲ್ಲಿಫಿಶ್ ಮರಿಗಳನ್ನು ಸ್ವಚ್ಛ ನೀರಿನಲ್ಲೇ ಬೆಳೆಸಿ ನೋಡಿದರು. ನೀರಲ್ಲಿ ಆಮ್ಲಜನಕ ಕಡಿಮೆಯಾದಾಗ ಸಾಮಾನ್ಯ ಮೀನಿಗಿಂತ ಇವೇ ಬೇಗ ಸೋತವು. ನಮ್ಮ ಹಗರಿಯನ್ನು ಏಪ್ರಿಲ್-ಮೇ ತಿಂಗಳಲ್ಲಿ ನೆನೆಸಿಕೊಳ್ಳಿ. ಅಲ್ಲೊಂದು ಇಲ್ಲೊಂದು ಮಡುವು, ಬಿಸಿ ನೀರು, ಅದರ ಮೇಲೆ ಊರಿನ ಗಟಾರ. ವಿಷಕ್ಕೆ ಗಟ್ಟಿಯಾದ ಮೀನಿಗೆ ಅಲ್ಲಿ ಉಸಿರು ಸಾಲುವುದಿಲ್ಲ ಅಂದರೆ ಗಟ್ಟಿಯಾಗಿ ಏನು ಬಂತು?

ನಮ್ಮ ಹೊಳೆಯ ಮೀನು ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಹೇಳಬೇಕಾದರೆ ಪರೀಕ್ಷೆ ಬೇಕು. ಆದರೆ ಹೀಗಾಗಲು ಬೇಕಾದದ್ದೆಲ್ಲಾ ನಮ್ಮಲ್ಲಿ ಇದೆ. ವರ್ಷಕ್ಕೆ ಎರಡು ಭತ್ತ, ಮೆಣಸಿನಕಾಯಿ, ಹತ್ತಿ. ಡ್ಯಾಮಿನ ನೀರು ಕೆಳಮಟ್ಟದ ಕಾಲುವೆ, ಮೇಲ್ಮಟ್ಟದ ಕಾಲುವೆಯಲ್ಲಿ ಬಂದು ಗದ್ದೆಗೆ ಹಾಯುತ್ತೆ. ಗದ್ದೆಯ ಬಸಿನೀರು ಹಳ್ಳಕ್ಕೆ, ಹಳ್ಳದಿಂದ ಹಗರಿಗೋ ನೇರ ತುಂಗಭದ್ರೆಗೋ. ಹಗರಿಯೂ ಕೊನೆಗೆ ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಗೇ ಸೇರುತ್ತೆ. 2021ರಲ್ಲಿ ಹೊಸ ಕಪ್ಪು ನುಸಿ ಮೆಣಸಿನ ಹೂವಿಗೆ ಬಂದಾಗ ನಮ್ಮ ಜನ ಎಷ್ಟು ಹೊಡೆದರು ನೆನಪಿದೆಯಲ್ಲ? ಎರಡು ಮೂರು ಔಷಧಿ ಕಲಸಿ, ವಾರಕ್ಕೆ ಎರಡು ಸಲ. ಅಷ್ಟಾದರೂ ಗಿಡ ಕಿತ್ತು ಹಾಕಬೇಕಾಯಿತು. ಹೊಡೆದದ್ದೆಲ್ಲಾ ಎಲ್ಲಿಗೆ ಹೋಯಿತು? ಬಳ್ಳಾರಿ ಊರಿನ ಕಡೆಯಿಂದ ಇನ್ನೊಂದು ಲೆಕ್ಕ. ಜೀನ್ಸ್ ತೊಳೆಯುವ ಘಟಕಗಳ ಬಣ್ಣ, ಬ್ಲೀಚು, ಮನೆಗಳ ಗಟಾರ. ಜೀನ್ಸ್ ಸಾವಿರಾರು ಮನೆಗಳ ಅನ್ನ, ಅದನ್ನು ಮುಚ್ಚಿ ಅನ್ನೋದು ನನ್ನ ಮಾತಲ್ಲ. ಎಲ್ಲರಿಗೂ ಸೇರಿ ಒಂದು ಶುದ್ಧೀಕರಣ ಘಟಕ ಸರಿಯಾಗಿ ನಡೆಯಲಿ ಅನ್ನೋದಷ್ಟೇ. ಆದರೆ ಬೇಸಾಯದ ಪಾಲು ನಮ್ಮದು, ಅದನ್ನು ಊರಿನವರ ತಲೆಗೆ ಕಟ್ಟೋಕೆ ಆಗಲ್ಲ.

ಡಬ್ಬಿ ಮೇಲಿನ ತ್ರಿಕೋನದ ಬಣ್ಣ ನೋಡಿ ನಾವು ಸಮಾಧಾನ ಮಾಡ್ಕೊಂತೀವಿ. ಕೆಂಪು ಅಂದ್ರೆ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಅಂದ್ರೆ ಏನೂ ಇಲ್ಲ ಅನ್ನೋ ಹಂಗೆ. ಆ ಬಣ್ಣ ನಿರ್ಧಾರ ಆಗುವುದು ಇಲಿಯಂಥ ಪ್ರಾಣಿಗಳಿಗೆ ಎಷ್ಟು ತಿನ್ನಿಸಿದರೆ, ಚರ್ಮಕ್ಕೆ ಎಷ್ಟು ಹಚ್ಚಿದರೆ ಸಾಯುತ್ತವೆ ಅನ್ನೋದರ ಮೇಲೆ. ಮನುಷ್ಯನಿಗೆ ಎಷ್ಟು ಅಪಾಯ ಅಂತ ತಿಳಿಸೋಕೆ ಅದು. ಮೀನಿನ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್ ಜಾತಿಯ ಔಷಧಿಗಳು ಪ್ರಾಣಿಗಿಂತ ಮೀನಿಗೆ ಎಷ್ಟೋ ಪಟ್ಟು ಹೆಚ್ಚು ವಿಷ. ನೀರಲ್ಲಿ ಕಣ್ಣಿಗೆ ಕಾಣದಷ್ಟು ಬೆರೆತರೂ ಸಾಕು. ಡಬ್ಬಿಯ ಜೊತೆ ಮಡಚಿ ಕೊಡುವ ಹಾಳೆಯಲ್ಲಿ ಇರುವೆ ಅಕ್ಷರದಲ್ಲಿ ಇದು ಬರೆದಿರುತ್ತೆ. ಆ ಹಾಳೆ ಬಿಚ್ಚಿ ಓದಿದವರು ನಮ್ಮಲ್ಲಿ ಎಷ್ಟು ಜನ?

ಹಂಗಾದ್ರೆ ಎಲ್ಲಾ ಮೀನೂ ಹೊಂದಿಕೊಳ್ಳಲಿ ಬಿಡು ಅನ್ನಬಹುದು. ಆಗಲ್ಲ. ಹೊಂದಿಕೊಳ್ಳಬೇಕಾದರೆ ಸಂಖ್ಯೆ ದೊಡ್ಡದಿರಬೇಕು, ಪೀಳಿಗೆ ಬೇಗ ತಿರುಗಬೇಕು, ಆ ಹತ್ತಿಪ್ಪತ್ತು ಗಟ್ಟಿ ಮೀನು ಗುಂಪಿನಲ್ಲಿ ಮೊದಲೇ ಇರಬೇಕು. ಮಹಶೀರ್‌ನಂಥ ದೊಡ್ಡ ಮೀನು ಬೆಳೆದು ಮೊಟ್ಟೆ ಇಡೋಕೆ ವರ್ಷಗಳೇ ಬೇಕು, ಇರೋದೂ ಬೆರಳೆಣಿಕೆ. 1953ರಲ್ಲಿ ಡ್ಯಾಮ್ ಕಟ್ಟಿದ ಮೇಲೆ ಕೆಳಗಿನ ಹೊಳೆಯ ಮೀನಿಗೂ ಮಲೆನಾಡಿನ ಕಡೆಯ ಮೀನಿಗೂ ನಡುವೆ ಗೋಡೆ ಬಿದ್ದಿದೆ. ಇಲ್ಲಿ ಒಂದು ಜಾತಿ ಹೋದರೆ ಮೇಲಿನಿಂದ ಈಜಿ ಬಂದು ತುಂಬುವುದು ಸುಲಭ ಅಲ್ಲ. ಹೊಂದಿಕೊಳ್ಳುವ ಪುಣ್ಯ ಸಣ್ಣ, ಬೇಗ ಮರಿ ಹಾಕುವ ಮೀನುಗಳದ್ದು. ಉಳಿದವು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತವೆ.

ನಮ್ಮ ಕಣ್ಣಿಗೆ ಇದು ಬೀಳದೇ ಇರೋದಕ್ಕೆ ಇನ್ನೆರಡು ಕಾರಣ ಇವೆ. ಒಂದು, ಕಾಟ್ಲಾ, ರೋಹು ಮರಿಗಳನ್ನು ಸಾಕಣೆ ಕೇಂದ್ರದಿಂದ ತಂದು ವರ್ಷ ವರ್ಷ ಜಲಾಶಯಕ್ಕೂ ಕೆರೆಗಳಿಗೂ ಬಿಡುತ್ತಾರೆ. ಸಂತೆಯಲ್ಲಿ ಆ ಮೀನು ಕಂಡರೆ ಹೊಳೆ ಚೆನ್ನಾಗಿದೆ ಅಂತ ಅಲ್ಲ, ಮರಿ ಬಿಟ್ಟಿದ್ದಾರೆ ಅಂತ ಅಷ್ಟೇ. ಎರಡು, ಕೊರಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಇಂಥವು ಮೇಲೆ ಬಂದು ಗಾಳಿ ಕುಡಿಯುತ್ತವೆ. ಗಟಾರದಲ್ಲೂ ಬದುಕೋದು ಅವುಗಳ ಹುಟ್ಟುಗುಣ. ಅದಕ್ಕೂ ಔಷಧಿಗೆ ಪೀಳಿಗೆಯಿಂದ ಪೀಳಿಗೆಗೆ ಗಟ್ಟಿಯಾಗುವುದಕ್ಕೂ ಸಂಬಂಧ ಇಲ್ಲ. ಕಾಲುವೆ ಕಟ್ಟೆಯ ಮೇಲೆ ನಿಂತು ನೋಡಿದವನಿಗೆ ಮಾತ್ರ ಮೂರೂ ಒಂದೇ. ಮೀನು ಅದಾವು, ಮುಗೀತು.

ನನಗೆ ಹೆಚ್ಚು ಭಯ ಇರೋದು ಬೇರೆ ವಿಷಯಕ್ಕೆ. 1980ರ ದಶಕದಲ್ಲಿ ಮೇಲೆ ಹರಿಹರ, ಕುಮಾರಪಟ್ಟಣದ ಕೆಳಗೆ ಇದೇ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದವು. ಹೊಳೆಸಾಲಿನ ಹಳ್ಳಿಯವರು, ಮೀನುಗಾರರು ಎದ್ದು ನಿಂತರು. ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆಯಾಯಿತು. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯ ನೀರಿನ ಮೇಲೆ ವರ್ಷಗಟ್ಟಲೆ ಹೋರಾಟ ನಡೆಯಿತು. ಅಷ್ಟೂ ಜನರನ್ನು ಎಬ್ಬಿಸಿದ್ದು ಯಾವ ಅಧಿಕಾರಿಯ ವರದಿಯೂ ಅಲ್ಲ, ಕಣ್ಣಿಗೆ ಕಂಡ ಸತ್ತ ಮೀನು. ಈಗ ಯೋಚನೆ ಮಾಡ್ರಿ. ವಿಷ ಒಮ್ಮೆಲೇ ಬರದೆ ಬೆಳೆಯಿಂದ ಬೆಳೆಗೆ ಸ್ವಲ್ಪ ಸ್ವಲ್ಪ ಬಂದು, ತಡೆಯದವು ಒಂದೊಂದೇ ಹೋಗಿ, ತಡೆಯುವವು ಮಾತ್ರ ಉಳಿದರೆ ತೇಲೋಕೆ ಹೆಣವೇ ಇಲ್ಲ. ಹೆಣ ಇಲ್ಲ ಅಂದ್ರೆ ಹೋರಾಟ ಇಲ್ಲ, ಪರೀಕ್ಷೆ ಇಲ್ಲ, ಪತ್ರಿಕೆಯಲ್ಲಿ ಒಂದು ಸಾಲು ಇಲ್ಲ. ಅದೇ ನೀರು ಮುಂದೆ ಮಂತ್ರಾಲಯ ದಾಟಿ ಕರ್ನೂಲಿಗೆ ಹೋಗುತ್ತೆ. ಅಲ್ಲಿ ಅದನ್ನೇ ಕುಡಿಯುತ್ತಾರೆ.

ಏನು ಮಾಡಬಹುದು? ಔಷಧಿ ಬಿಟ್ಟುಬಿಡಿ ಅಂತ ಉಪದೇಶ ಮಾಡೋಕೆ ನಾನು ಬಂದಿಲ್ಲ. ಎಕರೆಗೆ ಸಾಲ ಎಷ್ಟು ಅಂತ ನನಗೂ ಗೊತ್ತು. ಆದರೆ ಭತ್ತ ಬೆಳೆಯುವವರು ಮಾಡಿ ತೋರಿಸಿದ ಒಂದು ದಾರಿ ಇದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಯಲೂ ಭತ್ತದ ಸೀಮೆ. 1980ರ ಸುಮಾರಿಗೆ ಅಲ್ಲಿಯ ಬಸಿಗಾಲುವೆಗಳಲ್ಲಿ ಕಾರ್ಪ್ ಮೀನು ರಾಶಿ ರಾಶಿ ಸತ್ತವು. ಕಾರಣ ಮೊಲಿನೇಟ್ ಅನ್ನುವ ಭತ್ತದ ಕಳೆನಾಶಕ. ಇನ್ನೊಂದು ಕಳೆನಾಶಕ ಊರಿನ ಕುಡಿಯುವ ನೀರಿಗೇ ಕಹಿ ರುಚಿ ತಂದಿತ್ತು. ಆಗ ಅಲ್ಲಿ ಔಷಧಿ ನಿಷೇಧ ಮಾಡಲಿಲ್ಲ. ಹೊಡೆದ ಮೇಲೆ ಇಷ್ಟು ದಿನ ಗದ್ದೆಯ ನೀರು ಹೊರಗೆ ಬಿಡಬಾರದು ಅಂತ ಕಟ್ಟುಪಾಡು ತಂದರು, ವರ್ಷದಿಂದ ವರ್ಷಕ್ಕೆ ಆ ದಿನಗಳನ್ನು ಹೆಚ್ಚಿಸಿದರು. ಬಿಸಿಲಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಿಕ್ಕು ಔಷಧಿ ಗದ್ದೆಯಲ್ಲೇ ಒಡೆಯಿತು. ಹೊಳೆಗೆ ಸೇರುವ ಪ್ರಮಾಣ ಭಾರಿ ಇಳಿಯಿತು, ಮೀನು ಸಾಯೋದೂ ನಿಂತಿತು. ಬೆಳೆಯೂ ನಿಲ್ಲಲಿಲ್ಲ.

ನಮ್ಮಲ್ಲಿ ಆಗೋದು ಉಲ್ಟಾ. ಬೆಳಿಗ್ಗೆ ಹೊಡೆದು, ಸಂಜೆಗೆ ನೀರು ಜಾಸ್ತಿ ಆಯ್ತು ಅಂತ ಬದು ಕಡಿದು ಬಿಡ್ತೀವಿ. ಹೊಡೆದ ದುಡ್ಡೂ ನೀರಿನ ಜೊತೆ ಹೋಗುತ್ತೆ ಅನ್ನೋದು ತಲೆಗೆ ಬರಲ್ಲ. ಹೊಡೆಯುವ ಮುಂಚೆಯೇ ನೀರು ಇಳಿಸಿ, ಹೊಡೆದ ಮೇಲೆ ಒಂದು ವಾರ ಬದು ಕಡಿಯದೇ ಇರೋದಕ್ಕೆ ಖರ್ಚು ಏನೂ ಇಲ್ಲ. ಕಾಲುವೆಯ ಕೊನೆಯ ರೈತರಿಗೆ ಸರದಿ ನೀರಿನ ತಾಪತ್ರಯ ಇರುತ್ತೆ, ಒಪ್ಪುತ್ತೀನಿ. ಆದರೆ ಮೇಲ್ಭಾಗದವರಿಗೆ ನೆಪ ಇಲ್ಲ. ಪಂಪು ತೊಳೆದ ನೀರನ್ನು ಬದುವಿನ ಮೇಲೆ, ಹಳ್ಳಕ್ಕೆ ದೂರವಾಗಿ ಚೆಲ್ಲಿ. ಇಷ್ಟು ನಮ್ಮ ಕೈಯಲ್ಲಿರೋದು.

ಸರ್ಕಾರದ ಕೈಯಲ್ಲಿರೋದು ಪರೀಕ್ಷೆ. ನೀರಿನ ಮಾದರಿ ಒಂದು ಬಾಟಲಿ ತೆಗೆದರೆ ಆ ದಿನದ ಕಥೆ ಮಾತ್ರ ಸಿಗುತ್ತೆ, ಅದೂ ಹೊಡೆದು ನಾಲ್ಕು ದಿನ ಆಗಿದ್ದರೆ ಏನೂ ಸಿಗದೇ ಇರಬಹುದು. ಮೀನಿನ ಮಾಂಸ, ಅದರ ಈಲಿ, ಹೊಳೆಯ ಕೆಸರು ಪರೀಕ್ಷೆ ಮಾಡಿದರೆ ಹಲವು ತಿಂಗಳ ಲೆಕ್ಕ ಹೊರಗೆ ಬರುತ್ತೆ. ಮೀನು ವಿಷಕ್ಕೆ ಗಟ್ಟಿಯಾಗಿದೆಯೋ ಇಲ್ಲವೋ ನೋಡೋಕೂ ಭಾರಿ ಯಂತ್ರ ಬೇಡ, 1963ರಲ್ಲಿ ಮಾಡಿದ್ದು ತೊಟ್ಟಿಯಲ್ಲೇ. ಸಿರುಗುಪ್ಪದ ಹಳ್ಳದ ಸಣ್ಣ ಮೀನು ಒಂದು ತೊಟ್ಟಿಗೆ, ಔಷಧಿ ಕಾಣದ ಮಲೆನಾಡಿನ ಹೊಳೆಯ ಅದೇ ಜಾತಿಯ ಮೀನು ಇನ್ನೊಂದಕ್ಕೆ. ಎರಡನ್ನೂ ಸ್ವಚ್ಛ ನೀರಲ್ಲಿ ಎರಡು ಪೀಳಿಗೆ ಸಾಕಿ, ಆಮೇಲೆ ಒಂದೇ ಪ್ರಮಾಣದ ಔಷಧಿಗೆ ಒಡ್ಡಬೇಕು. ಮೊಮ್ಮಕ್ಕಳಲ್ಲೂ ವ್ಯತ್ಯಾಸ ಉಳಿದರೆ ಅದು ರಕ್ತಕ್ಕೆ ಇಳಿದಿದೆ ಅಂತ ಅರ್ಥ. ವ್ಯತ್ಯಾಸ ಅಳಿಸಿ ಹೋದರೆ ಅದು ಆ ಮೀನಿನ ಒಂದು ಜನ್ಮದ ಅಭ್ಯಾಸ ಮಾತ್ರ. ರಾಯಚೂರಿನ ಕೃಷಿ ವಿವಿಯ ಕೇಂದ್ರ ಸಿರುಗುಪ್ಪದಲ್ಲೇ ಇದೆ, ಹಗರಿಯಲ್ಲೂ ಇದೆ. ಮೀನುಗಾರಿಕೆ ಇಲಾಖೆಯೂ ಇದೆ. ಒಬ್ಬ ಎಂಎಸ್ಸಿ ಹುಡುಗನ ಎರಡು ವರ್ಷದ ಕೆಲಸ ಇದು.

ತುಂಗಭದ್ರಾ ನೀರಾವರಿ ಸಲಹಾ ಸಮಿತಿಯ ಸಭೆ ನಡೆದಾಗಲೆಲ್ಲಾ ನಮ್ಮ ಶಾಸಕರು, ರೈತ ಮುಖಂಡರು ಕಾಲುವೆಗೆ ಎಷ್ಟು ಕ್ಯೂಸೆಕ್, ಯಾವ ತಾರೀಖಿನವರೆಗೆ ಅಂತ ಜಗಳ ಆಡ್ತಾರೆ. ಆಡಲಿ, ಅದು ಬೇಕೇ ಬೇಕು. ಆದರೆ ಗದ್ದೆಯಿಂದ ಹೊಳೆಗೆ ವಾಪಸ್ ಹೋಗುವ ನೀರಿನ ವಿಷಯವೂ ಆ ಟೇಬಲ್ ಮೇಲೆ ಬರಲಿ. ಹಳ್ಳಗಳು ಹೊಳೆಗೆ ಸೇರುವ ನಾಲ್ಕೈದು ಜಾಗದಲ್ಲಿ ಬೆಳೆಗೊಂದು ಸಲ ಮೀನು, ಕೆಸರು ಪರೀಕ್ಷೆ ಆಗಬೇಕು, ಫಲಿತಾಂಶ ಪಂಚಾಯ್ತಿ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು ಅಂತ ಒಂದು ಅರ್ಜಿ ಬರೆದಿಟ್ಟಿದ್ದೀನಿ. ಸಿರುಗುಪ್ಪ, ಕುರುಗೋಡು ತಾಲ್ಲೂಕಿನವರು ಸಹಿ ಹಾಕೋದಾದರೆ ಮುಂದಿನ ಸಭೆಗೆ ಮುಂಚೆ ಬಂದು ಹಾಕ್ರಿ. ಬರುವಾಗ ನಿಮ್ಮ ಮನೆಯಲ್ಲಿರುವ ಯಾವುದಾದರೂ ಔಷಧಿ ಡಬ್ಬಿಯ ಆ ಮಡಚಿದ ಹಾಳೆಯನ್ನೂ ತನ್ನಿ, ಕೂತು ಓದೋಣ.